ರಾಶಿ ಕುಂಡಲಿಯಲ್ಲಿ ಏಳನೆಯ ಭಾವದಲ್ಲಿ, ಅಂದರೆ ಮದುವೆಯ ಮನೆಯಲ್ಲಿ, ಇರುವ ಶನಿ ಭಾವ ಕುಂಡಲಿಯಲ್ಲಿ ಎಂಟಕ್ಕೆ ಹೋದರೆ ಯಾವುದನ್ನು ನಂಬಬೇಕು?

ಕೋಲಾರದಲ್ಲಿ ಹುಟ್ಟಿದ ನಿಮ್ಮ ಮಗಳಿಗೆ ಲಗ್ನ (ಜನನದ ವೇಳೆ ಪೂರ್ವದಲ್ಲಿ ಉದಯಿಸುವ ಬಿಂದು) ಮೇಷ 3 ಡಿಗ್ರಿ, ಶನಿ ತುಲಾ 25 ಡಿಗ್ರಿ ಎಂದಿದ್ದೀರಿ. ರಾಶಿ ಕುಂಡಲಿಯಲ್ಲಿ ಇಡೀ ರಾಶಿಯೇ ಒಂದು ಭಾವ, ಶನಿ ಏಳರಲ್ಲಿ. ಭಾವ ಕುಂಡಲಿ ಹಾಕುವ ಶ್ರೀಪತಿ ಪದ್ಧತಿಯಲ್ಲಿ ಲಗ್ನದ ಡಿಗ್ರಿ ಮೊದಲ ಭಾವದ ಮಧ್ಯಬಿಂದು, ಅದರೆದುರಿನ ತುಲಾ 3 ಏಳನೆಯದರ ಮಧ್ಯಬಿಂದು. ಹಾಗಾಗಿ ಏಳನೆಯ ಭಾವ ತುಲಾ 18ರ ಸುಮಾರಿಗೆ ಮುಗಿದು ಶನಿ ಎಂಟಕ್ಕೆ ಜಾರುತ್ತಾನೆ. ಕೆ.ಪಿ. (ಕೃಷ್ಣಮೂರ್ತಿ) ಪದ್ಧತಿಯವರು ಅದೇ ಡಿಗ್ರಿಯನ್ನು ಭಾವದ ಆರಂಭವೆನ್ನುತ್ತಾರೆ. ಅಲ್ಲಿ ಶನಿ ಮತ್ತೆ ಏಳರಲ್ಲೇ!

ಆಧಿಪತ್ಯ (ಯಾವ ಭಾವಕ್ಕೆ ಯಾವ ಗ್ರಹ ಒಡೆಯ), ದೃಷ್ಟಿ (ಗ್ರಹದ ನೋಟ), ಯೋಗ (ಗ್ರಹಗಳ ವಿಶೇಷ ಜೋಡಣೆ) ಇವುಗಳಿಗೆ ರಾಶಿ ಕುಂಡಲಿಯೇ ಆಧಾರವೆಂಬುದು ನನ್ನ ದೃಢ ಅಭಿಪ್ರಾಯ. ತುಲಾ ಶನಿಯ ಉಚ್ಚರಾಶಿ (ಅವನು ಅತ್ಯಂತ ಬಲಶಾಲಿಯಾಗುವ ರಾಶಿ) ಕೂಡ. ಶನಿ ಎಂಟನೆಯ ಭಾವದಲ್ಲಿದ್ದಾನೆಂದು ಹೆದರಿ ಮಗಳಿಗೆ ಬಂದ ಒಳ್ಳೆಯ ಮದುವೆ ಸಂಬಂಧವನ್ನು ದಯವಿಟ್ಟು ಬಿಡಬೇಡಿ.

ಮೊದಲು ಜನನ ಸಮಯವನ್ನು ಆಸ್ಪತ್ರೆಯ ದಾಖಲೆಯೊಂದಿಗೆ ತಾಳೆ ನೋಡಿ. ಲಗ್ನ ಸುಮಾರು ನಾಲ್ಕು ನಿಮಿಷಕ್ಕೊಂದು ಡಿಗ್ರಿ ಸರಿಯುತ್ತದೆ. ಕಾಲು ಗಂಟೆ ಹಿಂದಾದರೆ ಲಗ್ನವೇ ಮೀನವಾಗಿ ಎಲ್ಲ ಭಾವಗಳೂ ಬದಲಾಗುತ್ತವೆ.