ಮೊದಲು ವಿಳಾಸ, ಆಮೇಲೆ ಸೂಟ್‌ಕೇಸ್

ಪ್ರಶ್ನೆ: ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಯಲ್ಲಿ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ಅಕ್ಟೋಬರ್‌ನಲ್ಲಿ ಕ್ಲಾಸು ಶುರು. ವೀಸಾ ಬಂದಿದೆ, ಬ್ಲಾಕ್ಡ್ ಅಕೌಂಟಿಗೆ (ಅಲ್ಲಿನ ಖರ್ಚಿಗೆಂದು ಮೊದಲೇ ಹಣ ಕಟ್ಟಿಡುವ ಖಾತೆ) ಹಣವೂ ಕಟ್ಟಿದ್ದೇವೆ. ಹಾಸ್ಟೆಲ್ ಮಾತ್ರ ಇನ್ನೂ ವೇಟಿಂಗ್ ಲಿಸ್ಟ್‌ನಲ್ಲಿದೆ. ಮನೆಯಲ್ಲಿ ದಿನಾ ಸೂಟ್‌ಕೇಸಿನದೇ ಮಾತು. ಏನೇನು ಒಯ್ಯಬೇಕು? ರೂಮನ್ನು ಅಲ್ಲಿಗೆ ಹೋದಮೇಲೆ ಹುಡುಕಿದರೆ ಆಗಲ್ವಾ?
– ಹೆಸರು ಬೇಡ

ಉತ್ತರ: ಸೂಟ್‌ಕೇಸನ್ನು ಮನೆಯವರಿಗೇ ಬಿಟ್ಟುಬಿಡಿ. ನೀವು ಹೊರಡುವವರೆಗೆ ಅವರಿಗೂ ಒಂದು ಕೆಲಸ ಬೇಕಲ್ವಾ? ನೀವು ಇವತ್ತಿನಿಂದಲೇ ರೂಮಿನ ಬೆನ್ನು ಹತ್ತಿ.

ಅಲ್ಲಿ ಹೆಚ್ಚುಕಮ್ಮಿ ಎಲ್ಲ ಕೆಲಸವೂ ವಿಳಾಸಕ್ಕೆ ತಗುಲಿಕೊಂಡಿದೆ. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ಹೆಸರು, ವಿಳಾಸ ನೋಂದಾಯಿಸಬೇಕು. ‘ಆನ್‌ಮೆಲ್ಡುಂಗ್’ ಅನ್ನುವುದು ಇದಕ್ಕೇ. ಬಾಡಿಗೆ ಕರಾರು ತೋರಿಸಿದರೆ ಸಾಲದು. ನೀವು ಅವರ ಮನೆಗೆ ಬಂದು ಸೇರಿದ್ದೀರಿ ಎಂದು ಮಾಲೀಕರು ಸಹಿ ಹಾಕಿದ ಬೇರೆಯದೇ ಒಂದು ಫಾರಂ ಬೇಕು. ಅದಾದ ಮೇಲೆಯೇ ತೆರಿಗೆ ನಂಬರ್ ಬರುವುದು. ವೀಸಾ ಮುಗಿಯುವ ಮೊದಲು ನಿವಾಸ ಪರವಾನಗಿಗೆ ಅರ್ಜಿ ಹಾಕುವಾಗಲೂ ಈ ನೋಂದಣಿ ಚೀಟಿ ಕೇಳುತ್ತಾರೆ. ‘ರೂಮು ಕೊಡ್ತೀನಿ, ಆನ್‌ಮೆಲ್ಡುಂಗ್ ಮಾತ್ರ ಆಗಲ್ಲ’ ಅನ್ನುವವರು ಸಿಗುತ್ತಾರೆ. ಬಾಡಿಗೆ ಎಷ್ಟೇ ಕಮ್ಮಿ ಇದ್ದರೂ ಬೇಡ ಅಂದುಬಿಡಿ.

ಯಾರೂ ಮೊದಲೇ ಹೇಳದ ಒಂದು ಮಾತು: ಟಪಾಲು ಡಬ್ಬಿಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಕಾಗದ ಬರುವುದಿಲ್ಲ. ವಿಳಾಸದಲ್ಲಿ ಸಾಮಾನ್ಯವಾಗಿ ಮನೆ ನಂಬರ್ ಇರುತ್ತದೆ, ಫ್ಲ್ಯಾಟ್ ನಂಬರ್ ಇರುವುದಿಲ್ಲ. ಅಂಚೆಯವರು ಹೆಸರು ಹುಡುಕುತ್ತಾರೆ, ಸಿಗದಿದ್ದರೆ ಬಂದ ದಾರಿಯಲ್ಲೇ ವಾಪಸ್. ತೆರಿಗೆ ನಂಬರ್, ಬ್ಯಾಂಕ್ ಕಾರ್ಡ್, ಬೇರೆ ಲಕೋಟೆಯಲ್ಲಿ ಬರುವ ಅದರ ಪಿನ್, ಇನ್ಶೂರೆನ್ಸ್ ಕಾರ್ಡ್ ಎಲ್ಲ ಅಂಚೆಯಲ್ಲೇ ಬರುತ್ತವೆ. ನಾನು ಓದುತ್ತಿದ್ದಾಗ ನಮ್ಮ ಕಟ್ಟಡದಲ್ಲಿ ಒಂದೇ ಡಬ್ಬಿಗೆ ಐದಾರು ಹೆಸರು ಅಂಟಿಸಿರುತ್ತಿದ್ದರು, ಬಿಟ್ಟುಹೋದವರ ಹೆಸರೂ ಸೇರಿ. ಬೀಗದಕೈ ಸಿಕ್ಕ ದಿನವೇ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಟೇಪು ಹಚ್ಚಿ. ಕರೆಗಂಟೆಯ ಮೇಲೂ ಅಷ್ಟೇ.

ಇನ್ನು ದುಡ್ಡು. ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ಇದೆ ಅಂತ ಧೈರ್ಯವಾಗಿರಬೇಡಿ. ಅದು ತಿಂಗಳಿಗೆ 992ರಂತೆ ಮಾತ್ರ ಕೈಗೆ ಬರುತ್ತದೆ, ಅದೂ ಅಲ್ಲಿಗೆ ಹೋಗಿ ಅದನ್ನು ಚಾಲೂ ಮಾಡಿಸಿದ ಮೇಲೆ. ಆದರೆ ಮಾಲೀಕರು ಅಡ್ವಾನ್ಸ್ ಕೇಳುವುದು ಮೊದಲ ವಾರದಲ್ಲೇ. ಕಾನೂನಿನ ಪ್ರಕಾರ ಅಡ್ವಾನ್ಸ್ ಮೂರು ತಿಂಗಳ ‘ತಣ್ಣನೆ ಬಾಡಿಗೆ’ ಮೀರುವಂತಿಲ್ಲ. ತಣ್ಣನೆ ಅಂದರೆ ಹೀಟರ್, ನೀರಿನ ಖರ್ಚು ಸೇರಿಸದ ಬಾಡಿಗೆ. ಅವೂ ಸೇರಿದರೆ ‘ಬಿಸಿ ಬಾಡಿಗೆ’. ಅಡ್ವಾನ್ಸನ್ನು ಮೂರು ತಿಂಗಳ ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗೆ ಇದೆ. ಮರ್ಯಾದೆಯಿಂದಲೇ ಕೇಳಿ. ಆದರೂ ಮೊದಲ ಎರಡು ತಿಂಗಳ ಖರ್ಚು, ಅಡ್ವಾನ್ಸು ಎರಡನ್ನೂ ಬ್ಲಾಕ್ಡ್ ಅಕೌಂಟಿನ ಲೆಕ್ಕಕ್ಕೆ ಸೇರಿಸದೆ ಬೇರೆ ಇಟ್ಟುಕೊಳ್ಳಿ.

‘ನಾನು ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿ, ಬೀಗದಕೈ ಕೊರಿಯರ್ ಮಾಡ್ತೀನಿ’ ಅನ್ನುವ ಇ-ಮೇಲ್ ಬಂದರೆ ಅದು ಮೋಸ. ಫೋಟೋ ಚೆನ್ನಾಗಿದ್ದು ಬಾಡಿಗೆ ಅಗ್ಗವಾಗಿದ್ದರಂತೂ ಅನುಮಾನವೇ ಬೇಡ. ಅಲ್ಲೇ ಓದುತ್ತಿರುವ ಯಾರಾದರೂ ಹೋಗಿ ರೂಮು ನೋಡಿಬರಲಿ, ಇಲ್ಲವೇ ವಿಡಿಯೋ ಕಾಲ್‌ನಲ್ಲಿ ಬಾಗಿಲಿಂದ ಕಿಟಕಿವರೆಗೆ ತೋರಿಸಲಿ. ಯಾವುದೂ ಕುದುರದಿದ್ದರೆ ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಯ ರೂಮನ್ನು ಒಂದೆರಡು ತಿಂಗಳಿಗೆ ಹಿಡಿಯಿರಿ. ಅಲ್ಲೂ ಆನ್‌ಮೆಲ್ಡುಂಗ್ ಆಗುತ್ತಾ ಅಂತ ಮೊದಲೇ ಕೇಳಿ. ಹಾಸ್ಟೆಲ್ ಅರ್ಜಿಯನ್ನು ಮಾತ್ರ ವಾಪಸ್ ತೆಗೆದುಕೊಳ್ಳಬೇಡಿ.

ಸೂಟ್‌ಕೇಸಿನ ಬಗ್ಗೆ ಇಷ್ಟೇ: ಅಸಲು ಅಂಕಪಟ್ಟಿಗಳು, ಎಪಿಎಸ್ ಸರ್ಟಿಫಿಕೇಟ್ (ನಿಮ್ಮ ಓದಿನ ದಾಖಲೆಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಪತ್ರ), ಸೀಟಿನ ಪತ್ರ, ಡಾಕ್ಟರ ಚೀಟಿ ಸಮೇತ ಔಷಧಿ ಕೈಚೀಲದಲ್ಲಿರಲಿ. ಪವರ್ ಬ್ಯಾಂಕೂ ಅಲ್ಲೇ, ಲಗೇಜಿಗೆ ಹಾಕುವಂತಿಲ್ಲ. ದಪ್ಪ ಕೋಟು ಅಲ್ಲೇ ಕೊಳ್ಳಿ.

ಪ್ರಶ್ನೆ: ಮಗನಿಗೆ 22 ವರ್ಷ. ಅವನೂ ಜರ್ಮನಿಗೆ ಹೊರಟಿದ್ದಾನೆ. ಏಜೆಂಟರು ಖಾಸಗಿ ಹೆಲ್ತ್ ಇನ್ಶೂರೆನ್ಸ್ ಅಗ್ಗ, ಅದನ್ನೇ ಮಾಡಿಸಿ ಅನ್ನುತ್ತಾರೆ. ಒಪ್ಪಬಹುದೇ?
– ಒಬ್ಬ ತಂದೆ

ಉತ್ತರ: ಒಪ್ಪಬೇಡಿ ಸರ್. ಮೂವತ್ತು ವರ್ಷದೊಳಗಿನ ವಿದ್ಯಾರ್ಥಿಗೆ ಅಲ್ಲಿನ ಸಾರ್ವಜನಿಕ ವಿಮೆಯಲ್ಲಿ ರಿಯಾಯಿತಿ ದರವಿದೆ. ತಿಂಗಳಿಗೆ ನೂರು ಯೂರೋ ದಾಟುತ್ತದೆ ನಿಜ, ಖಾಸಗಿಯದು ಅದರ ಪಕ್ಕದಲ್ಲಿ ಅಗ್ಗವಾಗಿಯೇ ಕಾಣಬಹುದು. ಆದರೆ ಖಾಸಗಿಗೆ ಹೋಗಬೇಕಾದರೆ ಸಾರ್ವಜನಿಕ ವಿಮೆಯಿಂದ ವಿನಾಯಿತಿ ಪಡೆಯಬೇಕು. ಒಮ್ಮೆ ಪಡೆದರೆ ಓದು ಮುಗಿಯುವವರೆಗೆ ಅದನ್ನು ರದ್ದು ಮಾಡಲಾಗುವುದಿಲ್ಲ. ನಡುವೆ ಹುಡುಗನಿಗೆ ದೊಡ್ಡ ಕಾಯಿಲೆ ಬಂದರೂ ವಿದ್ಯಾರ್ಥಿಯಾಗಿ ಸಾರ್ವಜನಿಕ ವಿಮೆಗೆ ಬರುವಂತಿಲ್ಲ. ಏಜೆಂಟರು ಇದನ್ನು ಹೇಳಿದ್ದರೇ? ಕೇಳಿ ನೋಡಿ. ಯೂನಿವರ್ಸಿಟಿಗೆ ಹೆಸರು ಹಚ್ಚುವ ಮೊದಲಿನ ದಿನಗಳಿಗೆ ಪ್ರವಾಸ ವಿಮೆ ಬೇಕು, ಅದು ಬೇರೆ ವಿಷಯ.

ಪ್ರಶ್ನೆ: ಪಾರ್ಟ್‌ಟೈಮ್ ಕೆಲಸ ಮಾಡಿ ಖರ್ಚು ತೂಗಿಸಬಹುದಾ?
– ವಿದ್ಯಾರ್ಥಿನಿ

ಉತ್ತರ: ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಲು ಅನುಮತಿ ಇದೆ, 2024ರ ಮಾರ್ಚ್‌ನಿಂದ. ಮೊದಲ ಸೆಮಿಸ್ಟರ್‌ನಲ್ಲಿ ಮಾತ್ರ ಅದನ್ನು ನಂಬಿಕೊಂಡು ಹೋಗಬೇಡಿ. ತೆರಿಗೆ ನಂಬರ್ ಬರಲು ವಾರಗಟ್ಟಲೆ ಹಿಡಿಯುತ್ತದೆ, ಅದಿಲ್ಲದಿದ್ದರೆ ಸಂಬಳದಲ್ಲಿ ಜಾಸ್ತಿ ತೆರಿಗೆ ಮುರಿದುಕೊಳ್ಳುತ್ತಾರೆ. ಅಂಗಡಿ, ಹೋಟೆಲ್ ಕೆಲಸಕ್ಕೆ ಜರ್ಮನ್ ಭಾಷೆ ಬೇಕು. ಹೊರಡುವ ಮುಂಚೆ ಕೈಯಲ್ಲಿರುವ ತಿಂಗಳುಗಳಲ್ಲಿ ಅದನ್ನು ಕಲಿಯಲು ಶುರುಮಾಡಿ. ನೋಂದಣಿ ಕಚೇರಿಯ ಕೌಂಟರಿನಲ್ಲೂ ಉಪಯೋಗಕ್ಕೆ ಬರುತ್ತದೆ.