ಕ್ರಾಫ್ಟ್ ಬಿಯರ್ ಅಂದರೆ ಬರೀ ಲೇಬಲ್ಲೇ?

ಪ್ರಿಯ ಓದುಗರೇ,

ಎಲ್ಲ ಬಿಯರೂ ಬಾರ್ಲಿ, ಹಾಪ್ಸ್, ಯೀಸ್ಟ್, ನೀರು ಸೇರಿಯೇ ಆಗುವುದು, ಹಾಗಿದ್ದ ಮೇಲೆ ಸಣ್ಣ ತಯಾರಕರ ಬಿಯರಿಗೆ ಕ್ರಾಫ್ಟ್ ಅನ್ನೋದು ಸುಮ್ನೆ ಒಂದು ಲೇಬಲ್ ಅಲ್ವಾ ಅಂತ ಕೇಳಿದ್ದೀರಿ. ಕೊಳ್ಳುವಾಗ ಏನು ನೋಡಬೇಕು ಅಂತಲೂ ಕೇಳಿದ್ದೀರಿ.

ಲೇಬಲ್ ಬಗ್ಗೆ ನಿಮ್ಮ ಅನುಮಾನ ಸರಿಯೇ. ಅಮೆರಿಕದ ಬಿಯರ್ ತಯಾರಕರ ಸಂಘವಾದ ಬ್ರೂವರ್ಸ್ ಅಸೋಸಿಯೇಷನ್ ಲೆಕ್ಕದಲ್ಲಿ ವರ್ಷಕ್ಕೆ 60 ಲಕ್ಷ ಬ್ಯಾರೆಲ್, ಅಂದರೆ ಸುಮಾರು 70 ಕೋಟಿ ಲೀಟರ್ ತಯಾರಿಸುವವರೂ ಕ್ರಾಫ್ಟ್‌ನವರೇ. ಶಿಕಾಗೋದ ಗೂಸ್ ಐಲೆಂಡ್ ಎಂಬ ಕ್ರಾಫ್ಟ್ ತಯಾರಕರನ್ನು 2011ರಲ್ಲಿ ದೈತ್ಯ ಬಿಯರ್ ಕಂಪನಿ ಆನ್‌ಹೈಸರ್-ಬುಷ್ ಕೊಂಡಿತು, ಬಾಟಲಿ ಮೇಲಿನ ಹೆಸರು ಹಾಗೇ ಉಳಿಯಿತು. ಆದರೆ ಮಾಡುವ ರೀತಿಯಲ್ಲಿ ವ್ಯತ್ಯಾಸ ಖಂಡಿತ ಇದೆ.

ಹಾಪ್ಸ್ ಹೂವನ್ನೇ ತೆಗೆದುಕೊಳ್ಳಿ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಸಿಹಿ ರಸ ಕುದಿಯತೊಡಗಿದಾಗಲೇ ಹಾಕಿದರೆ ಗಂಟೆಯೊಳಗೆ ಕಹಿ ಚೆನ್ನಾಗಿ ಬಿಡುತ್ತದೆ, ಘಮ ಮಾತ್ರ ಹಬೆಯ ಜೊತೆ ಹಾರಿಹೋಗುತ್ತದೆ. ಉರಿ ಆರಿಸುವ ಹೊತ್ತಿಗೆ ಹಾಕಿದರೆ ಕಹಿ ಕಡಿಮೆ, ಘಮ ಜಾಸ್ತಿ. ಹುದುಗು ಬಂದ ಬಿಯರಿನಲ್ಲೇ ಹೂವನ್ನು ನೆನೆಹಾಕುವುದೂ ಉಂಟು. ಆಗ ಕಿತ್ತಳೆ ಸಿಪ್ಪೆಯಂಥ, ಪೈನ್ ಮರದಂಥ ವಾಸನೆ ನೇರ ಮೂಗಿಗೆ ಬರುತ್ತದೆ. ಇದಕ್ಕೆ ಹೂವು ಬಹಳ ಬೇಕು, ತೊಟ್ಟಿ ಇನ್ನಷ್ಟು ದಿನ ಬಿಡುವಾಗುವುದಿಲ್ಲ. ಆ ಘಮ ಬೇಗ ಇಳಿದೂ ಹೋಗುತ್ತದೆ. ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂರಬೇಕಾದ ಬಿಯರಿಗೆ ಇದು ಹೊಂದದು. ಹಾಗಾಗಿ ದೊಡ್ಡ ಕಾರ್ಖಾನೆಗಳು ಯಾರಿಗೂ ಅತಿ ಅನ್ನಿಸದ ರುಚಿಗೆ ನಿಲ್ಲುತ್ತವೆ. ಎಷ್ಟೋ ಕಡೆ ಬಿಯರನ್ನು ಮೊದಲು ಗಟ್ಟಿಯಾಗಿ ಮಾಡಿ, ಕೊನೆಗೆ ನೀರು ಬೆರೆಸಿ ಹದಕ್ಕೆ ತರುತ್ತಾರೆ. ಅದೇ ತೊಟ್ಟಿಯಿಂದ ಜಾಸ್ತಿ ಬಾಟಲಿ ತುಂಬುತ್ತದೆ.

ಹಾಗಂತ ಅವರ ಕೆಲಸವನ್ನು ನಾನು ಹಗುರವಾಗಿ ಕಾಣಲಾರೆ. ಲಾಗರ್ ಎಂಬ, ತಣ್ಣಗೆ ಹುದುಗಿಸಿದ ತಿಳಿಯಾದ ಬಿಯರಿನಲ್ಲಿ ಸಣ್ಣ ತಪ್ಪನ್ನೂ ಮುಚ್ಚಿಡಲು ಆಗದು. ಬೇರೆಬೇರೆ ಊರಿನ ನೀರಿನಲ್ಲಿ ಒಂದೇ ರುಚಿ ತರುವುದಕ್ಕೆ ನಿಜಕ್ಕೂ ಪಳಗಿದ ಕೈ ಬೇಕು. ಅಕ್ಕಿ, ಮೆಕ್ಕೆಜೋಳ ಬೆರೆಸುವುದೂ ಮೋಸವಲ್ಲ, ಅದರಿಂದ ಬಿಯರ್ ಹಗುರವಾಗುತ್ತದೆ. ಬಿಯರ್ ಹಗುರ ಮಾಡಲು ಇವನ್ನು ಬೆರೆಸುವವರು ಕ್ರಾಫ್ಟ್‌ನವರಲ್ಲ ಎಂದು ಇಟ್ಟುಕೊಂಡಿದ್ದ ಷರತ್ತನ್ನು ಅದೇ ಬ್ರೂವರ್ಸ್ ಅಸೋಸಿಯೇಷನ್ 2014ರಲ್ಲಿ ಕೈಬಿಟ್ಟಿತು. ಇತ್ತ ಕ್ರಾಫ್ಟ್ ಹೆಸರಿನಲ್ಲಿ ಬರೀ ಕಹಿ ತುಂಬಿದ ಬಿಯರೂ ಬೇಕಾದಷ್ಟಿದೆ.

ಕೊಳ್ಳುವಾಗ ಮೊದಲು ತುಂಬಿಸಿದ ದಿನಾಂಕ ನೋಡಿ. ಹಾಪ್ಸ್ ಘಮವೇ ಮುಖ್ಯವಾದ ಬಿಯರ್ ಹೊಸದಿದ್ದಷ್ಟೂ ಒಳ್ಳೆಯದು. ಬಿಸಿಲು ತಾಗಿದ ಹಸಿರು ಅಥವಾ ಬಣ್ಣವಿಲ್ಲದ ಬಾಟಲಿ ಬೇಡ, ಬೆಳಕು ಬಿದ್ದರೆ ಬಿಯರ್ ನಾತ ಹೊಡೆಯುತ್ತದೆ. ಮಂಜಿನಷ್ಟು ತಣ್ಣಗಿದ್ದರೆ ಯಾವ ಬಿಯರ್ ಯಾವುದೆಂದು ನಾಲಿಗೆಗೆ ಗೊತ್ತಾಗದು. ಕ್ರಾಫ್ಟ್ ಬಿಯರ್, ಕಾರ್ಖಾನೆ ಬಿಯರ್ ಎರಡನ್ನೂ ಗ್ಲಾಸಿಗೆ ಸುರಿದು, ಹತ್ತು ನಿಮಿಷ ಬಿಟ್ಟು, ಮೊದಲು ಮೂಸಿ ನೋಡಿ. ಆಮೇಲೆ ನಿಮಗೆ ಯಾವುದು ಹಿಡಿಸಿತು ಅಂತ ಬರೆಯಿರಿ.

- ಸಂಪಾದಕರು