ವಿ.ಟಿ.ಯಲ್ಲಿ ಇಳಿದೂ ವಿ.ಟಿ. ನೋಡದವರು

ಪ್ರಶ್ನೆ: ಮಗ ಮುಂಬೈಯಲ್ಲಿದ್ದಾನೆ. ರಾಯಚೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಬರುತ್ತೇವೆ. ಸಿ.ಎಸ್.ಎಂ.ಟಿ. (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣ ಅರಮನೆ ಇದ್ದಂತಿದೆ ಅಂತಾರೆ. ನಮಗೆ ಕಂಡದ್ದು ಉದ್ದನೆಯ ಪ್ಲಾಟ್‌ಫಾರ್ಮು, ತಗಡಿನ ಚಾವಣಿ, ಟ್ಯಾಕ್ಸಿಯವರ ಕೂಗಾಟ. ನೋಡುವಂಥದ್ದು ಏನಿದೆ? ವಯಸ್ಸಾದವರು ತಂಗಲು ಅನುಕೂಲವಿದೆಯೇ?
– ಓದುಗರೊಬ್ಬರು, ಮಾನ್ವಿ

ಉತ್ತರ: ಅಕ್ಕಾ, ನೀವು ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿದ್ದೀರಿ, ಅಷ್ಟೇ. ಅಲ್ಲಿರುವ 18 ಪ್ಲಾಟ್‌ಫಾರ್ಮುಗಳಲ್ಲಿ ಮೊದಲಿನ ಏಳು ಲೋಕಲ್ ಗಾಡಿಗಳಿಗೆ, ಉಳಿದವು ನಮ್ಮಂಥ ದೂರದವರಿಗೆ. ಇಳಿದವರನ್ನು ಟ್ಯಾಕ್ಸಿಯವರು 18ರ ಮಗ್ಗುಲಿನ ಪಿ. ಡಿಮೆಲ್ಲೊ ರಸ್ತೆಗೆ ಎಳೆದೊಯ್ಯುತ್ತಾರೆ. ಹಳೇ ಕಟ್ಟಡ ಇರುವುದು ಲೋಕಲ್ ಕಡೆ.

ರಾಯಚೂರಿನ ಬುಕಿಂಗ್ ಕೌಂಟರಿನಲ್ಲಿ ಕೂತು ಕೂದಲು ಹಣ್ಣಾದ ನನಗೆ ಇವತ್ತಿಗೂ ಆ ನಿಲ್ದಾಣ ಹಳೇ ಹೆಸರಿನ ವಿಕ್ಟೋರಿಯಾ ಟರ್ಮಿನಸ್, ಅಂದರೆ ವಿ.ಟಿ.ಯೇ. ನಮಗೂ ಅದಕ್ಕೂ ಹಳೇ ನಂಟು. ಬೊಂಬಾಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ, ಮದ್ರಾಸ್ ರೈಲ್ವೆಯ ಹಳಿಯನ್ನು 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲಿ. ಅದೇ ಕಂಪನಿಯ ಹೆಡ್ ಆಫೀಸಾಗಿ ವಿ.ಟಿ. ಕಟ್ಟಡದ ಕೆಲಸ ಶುರುವಾದದ್ದು 1878ರಲ್ಲಿ. ಅಂದರೆ ನಮ್ಮೂರಿನ ಹಳಿಗೇ ವಯಸ್ಸು ಹೆಚ್ಚು! ಮುಂಬೈಯವರಿಗೆ ಇದನ್ನು ಹೇಳಿದರೆ ನಗುತ್ತಾರೆ, ನಗಲಿ.

ವಾಪಸು ಬರುವ ಮುನ್ನ ಒಂದು ದಿನ ಬಿಡುವು ಮಾಡಿಕೊಳ್ಳಿ. ಲೋಕಲ್ ಕಡೆಯ ಸಬ್‌ವೇ ಇಳಿದು ರಸ್ತೆಯಾಚೆ ಮಹಾನಗರ ಪಾಲಿಕೆಯ ಕಡೆ ಹತ್ತಿ, ತಿರುಗಿ ನೋಡಿ. ಗುಮ್ಮಟದ ನೆತ್ತಿಯ ಮೇಲೆ ದೀವಟಿಗೆ ಎತ್ತಿ ಹಿಡಿದ ಹೆಣ್ಣಿನ ಪ್ರತಿಮೆ, ಇನ್ನೊಂದು ಕೈಯಲ್ಲಿ ಗಾಲಿ. ಗೇಟಿನ ಒಂದು ಕಂಬದ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ; ಸಿಂಹ ಬ್ರಿಟನ್ನು, ಹುಲಿ ನಾವು. ನನಗೆ ಹುಲಿಯೇ ಮೇಲು. ಗೋಡೆಯ ಮೇಲಿನ ನವಿಲು, ಮಂಗ, ಎಲೆಬಳ್ಳಿಯ ಕೆತ್ತನೆಗಳಲ್ಲಿ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈಚಳಕವೂ ಇದೆ. ನಕ್ಷೆ ಎಫ್. ಡಬ್ಲ್ಯೂ. ಸ್ಟೀವನ್ಸ್ ಎಂಬವರದು; ನಿಮ್ಮ ಬೆನ್ನ ಹಿಂದಿರುವ ಪಾಲಿಕೆ ಕಟ್ಟಡವೂ ಅವರದೇ. 2004ರಲ್ಲಿ ವಿ.ಟಿ. ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಒಳಗೆ ಲೋಕಲ್ ಟಿಕೆಟ್ ಕೊಡುವ ಸ್ಟಾರ್ ಚೇಂಬರ್ ಹಾಲಿನಲ್ಲಿ ಕತ್ತೆತ್ತಿ ನಿಲ್ಲಿ. ಹಿಂದಿನವರು ನೂಕಿದರೆ ಬೇಜಾರಾಗಬೇಡಿ, ಅವರಿಗೆ ಗಾಡಿ ತಪ್ಪುತ್ತಿರುತ್ತದೆ.

ತಂಗಲು ನಿಲ್ದಾಣದಲ್ಲೇ ರಿಟೈರಿಂಗ್ ರೂಮುಗಳಿವೆ. ಖಾತ್ರಿಯಾದ ಇಲ್ಲವೇ ಆರ್.ಎ.ಸಿ. (ಕೂರಲು ಜಾಗ ಸಿಕ್ಕು, ಮಲಗುವ ಬರ್ತ್ ಇನ್ನೂ ಖಾತ್ರಿಯಾಗದ) ಟಿಕೆಟ್ಟಿನ ಪಿ.ಎನ್.ಆರ್. (ಟಿಕೆಟ್ ಮೇಲಿನ ಬುಕಿಂಗ್ ನಂಬರು) ಇದ್ದರೆ ಆನ್‌ಲೈನಿನಲ್ಲೇ ಕಾದಿರಿಸಬಹುದು; ಮಗನಿಗೆ ಮೊದಲೇ ಹೇಳಿಡಿ. ಸಾಮಾನು ಕ್ಲೋಕ್ ರೂಮಿಗೆ ಕೊಡುವುದಾದರೆ ಬ್ಯಾಗಿಗೆ ಬೀಗ ಬೇಕೇ ಬೇಕು. ಬೀಗವಿಲ್ಲದ್ದನ್ನು ತಗೊಳ್ಳುವುದಿಲ್ಲ, ಹಪ್ಪಳ ಸಂಡಿಗೆಯ ಕೈಚೀಲವಾದರೂ ಸರಿ.